ಉಡದಾರಕ್ಕೆ ಸಿಕ್ಕಿಸಿದ ಕೆಂಪು ದಾರ

ಗದಿಗೆವ್ವನಿಗೆ ಹೊಳೆಯ ಹೆದರಿಕೆ ಮದುವೆಯಾಗಿ ಬಂದ ದಿನದಿಂದ ಇತ್ತು. ಅವಳು ಬೆಳ್ಳಟ್ಟಿಯ ಹೊಲಮನೆಯಲ್ಲಿ ಬೆಳೆದವಳು. ಅಲ್ಲಿ ನೀರು ಎಂದರೆ ಕೊಡದಲ್ಲಿರುವುದು, ಬಾವಿಯಲ್ಲಿರುವುದು. ಗಂಡ ಮುದಕಪ್ಪ ಹಮ್ಮಿಗಿಯ ಅಂಬಿಗ. ಅವನ ಅಪ್ಪ, ಅಜ್ಜ ಎಲ್ಲರೂ ತುಂಗಭದ್ರೆಯಲ್ಲಿ ಹರಗೋಲು ಹಾಕಿಯೇ ಉಂಡವರು. ಮುಂಜಾನೆ ಅವನು ಹುಟ್ಟು ಹೆಗಲ ಮೇಲಿಟ್ಟು ಹೋದರೆ, ಸಂಜೆ ತಿರುಗಿ ಬರುವತನಕ ಅವಳು ರೊಟ್ಟಿ ಮುಟ್ಟುತ್ತಿರಲಿಲ್ಲ. ಬಂದ ಮೇಲೆ ಬೈಯುತ್ತಿದ್ದಳು. ಅವನು ನಗುತ್ತಿದ್ದ.

ಬ್ಯಾರೇಜು ಕಟ್ಟಿ ನೀರು ನಿಂತ ಮೇಲೆ ಹರಗೋಲು ಕೇಳುವವರು ಕಡಿಮೆಯಾದರು. ಹಿನ್ನೀರಿನಲ್ಲಿ ಬೋಟು ಬಿಡುವ ಗುತ್ತಿಗೆದಾರ ಒಬ್ಬ ಬಂದ. ಎರಡು ಬೋಟು ತಂದ. ದೊಡ್ಡದನ್ನು ಊರಿನ ಮಾಶಾಕನಿಗೆ ಕೊಟ್ಟ. ಸಣ್ಣದನ್ನು ಮುದಕಪ್ಪನಿಗೆ ಕೊಟ್ಟ. ಸಣ್ಣದು ಕೆಂಪು ಬಣ್ಣದ್ದು, ಉದ್ದ ಮೂತಿಯದು, ನೀರಿಗೆ ಅಂಟಿಕೊಂಡಂತೆ ತಗ್ಗಾಗಿತ್ತು. ಎಂಜಿನ್ ಮಾತ್ರ ಅದರ ಮೈಗೆ ಮೀರಿದ್ದು. ಜೋರು ಕೊಟ್ಟರೆ ಮೂತಿ ಎತ್ತಿ, ಹೊಟ್ಟೆ ನೀರಿಗೆ ತಾಗಿಯೂ ತಾಗದ ಹಾಗೆ ಹಾರುತ್ತಿತ್ತು. ದಂಡೆಯಲ್ಲಿ ನಿಂತು ನೋಡಿದ ಗದಿಗೆವ್ವ ಎರಡು ಹೆಜ್ಜೆ ಹಿಂದೆ ಸರಿದಳು.

ಕಲಿಸಲು ಕಾರವಾರದ ಕಡೆಯಿಂದ ಅಯ್ಯೂಬ ಎಂಬವನು ಬಂದಿದ್ದ. ಅವನು ಹಗಲು ಹೇಳಿಕೊಟ್ಟದ್ದನ್ನು ಮುದಕಪ್ಪ ಸಂಜೆ ಒಲೆಯ ಮುಂದೆ ಕುಳಿತು ಪಾಠ ಮಾಡುತ್ತಿದ್ದ. ಎಡಗೈಯಲ್ಲಿ ಹಿಟ್ಟು ಕಲಸುವ ಪರಾತ, ಅದು ಸ್ಟೇರಿಂಗು. ಬಲಗೈಯಲ್ಲಿ ಸೌಟು, ಅದು ಜೋರು ಕೊಡುವ ಹಿಡಿಕೆ.

"ತೆರಿ ಬಂದಾಗ ಕೈ ಬಿಡಬಾರದು. ಮೂತಿ ಓರಿ ಮಾಡಿ ತೆರಿಗಿ ಕೊಡಬೇಕು. ಏರೂ ಮುಂದ ಜೋರು ಕೊಡು, ತುದಿಗಿ ಇಳಸು, ಇಳದ ಮ್ಯಾಲ ಮತ್ತ ಕೊಡು."

"ಪರಾತ ಬಿಡ್ರಿ, ಹಿಟ್ಟು ಕಲಸಬೇಕು."

"ಬಿಟ್ರ ಬೋಟ ಮುಣಗತೈತಿ ಲೇ."

"ಮುಣಗಲಿ. ರೊಟ್ಟಿ ಬೇಕೋ ಬ್ಯಾಡೋ?"

ದಿನಾ ಕೇಳಿ ಕೇಳಿ ಪಾಠ ಅವಳಿಗೂ ಬಾಯಿಗೆ ಬಂತು. ಅವನಿಗೆ ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ಹರಗೋಲಿನ ರೀತಿಯೇ ಬೇರೆ. ನೀರು ಕೆಟ್ಟರೆ ಅಂಬಿಗ ಹುಟ್ಟು ಎತ್ತಿ ಸುಮ್ಮನಾಗುತ್ತಾನೆ. ದುಂಡನೆಯ ಹರಗೋಲು ಗಿರ್ರನೆ ತಿರುಗಿ ತೆರೆಯ ಮೇಲೆ ಕೂರುತ್ತದೆ, ತೆರೆ ಅದರ ಅಡಿಯಿಂದ ಹೋಗುತ್ತದೆ. ಹುಡುಗನಿದ್ದಾಗಿನಿಂದ ಅವನ ಕೈ ಕಲಿತದ್ದು ಅದನ್ನೇ.

ಅಯ್ಯೂಬ ಒಂದು ಕೆಂಪು ದಾರ ಕೊಟ್ಟಿದ್ದ. ಸುರುಳಿ ಸುರುಳಿಯ ದಾರ. ಒಂದು ತುದಿ ಎಂಜಿನ್ನಿನ ಗುಂಡಿಗೆ, ಇನ್ನೊಂದು ತುದಿ ಓಡಿಸುವವನ ಮೈಗೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಕೈಗೆ ಹಾಕಿಕೋ ಎಂದಿದ್ದ ಅಯ್ಯೂಬ. ಮುದಕಪ್ಪ ಉಡದಾರಕ್ಕೆ ಸಿಕ್ಕಿಸಿಕೊಂಡ.

"ಕೈಯಾಗಿಂದು ಜಾರತೈತಿ. ಉಡದಾರ ಹರಿಯೂದು ಸತ್ತ ಮ್ಯಾಲನ" ಎಂದ.

"ಥೂ, ಮುಚ್ಚರಿ ಬಾಯಿ" ಎಂದಳು.

ಅವರ ಮನೆತನದಲ್ಲಿ ಒಂದು ಪದ್ಧತಿ. ಹೊಸ ಹರಗೋಲು ನೀರಿಗೆ ಇಳಿದರೆ ಮೊದಲು ಮನೆಯ ಹೆಂಗಸು ಹತ್ತಬೇಕು. ಹೊಳೆಯ ನಡುವೆ ಹೋಗಿ ಗಂಗವ್ವನಿಗೆ ಉಡಿ ತುಂಬಬೇಕು. ಅದು ಆಗದೆ ಬಾಡಿಗೆ ಕೊಡುವ ಯಾರನ್ನೂ ಹತ್ತಿಸುವ ಹಾಗಿಲ್ಲ. ಬೋಟಿಗೂ ಅದೇ ಎಂದು ಮುದಕಪ್ಪ ಹಟ ಹಿಡಿದ. ಅಯ್ಯೂಬ ಅಷ್ಟರಲ್ಲಿ ತನ್ನೂರಿಗೆ ಹೋಗಿದ್ದ.

ಅದು ಗಾಳಿಯ ದಿನ. ಪಡುವಣ ಗಾಳಿ ನೀರನ್ನು ಉಳುಮೆ ಮಾಡಿದ ಹೊಲದ ಹಾಗೆ ಸಾಲು ಸಾಲು ಮಾಡಿತ್ತು. ಗದಿಗೆವ್ವನಿಗೆ ಸೀರೆಯ ಮೇಲೆ ತೇಲುವ ಅಂಗಿ ತೊಡಿಸಿ ಬಿಗಿದರು.

"ಬಾಣಂತಿಗಿ ಬಿಗದಂಗ ಬಿಗದಾರಲ್ಲವ್ವ!" ಎಂದು ನೆರೆಮನೆಯ ಅಮೃತವ್ವ ದಂಡೆಯಿಂದ ನಕ್ಕಳು.

"ನೀನೂ ಬಾ, ನಿನಗೂ ಬಿಗೀತಾರ."

"ನಾ ಒಲ್ಲೆವ್ವ. ನನಗಿನ್ನಾ ಸೊಸಿ ಬರೂದೈತಿ."

ದಂಡೆ ಬಿಡುವತನಕ ನಗೆ ಇತ್ತು. ನಡುನೀರಿಗೆ ಬರುತ್ತಲೇ ಬೋಟು ತೆರೆಗೆ ಬಡಿಯತೊಡಗಿತು. ನೀರು ನೀರಿನ ಹಾಗೆ ಇರಲಿಲ್ಲ, ಕಲ್ಲಿನ ಹಾಗೆ ಇತ್ತು. ಒಂದೊಂದು ಪೆಟ್ಟು ಸೊಂಟದಿಂದ ಏರಿ ಹಲ್ಲಿಗೆ ಬರುತ್ತಿತ್ತು. ಮುದಕಪ್ಪ ವೇಗ ಇಳಿಸಿದ. ಪೆಟ್ಟು ಸ್ವಲ್ಪ ಕಡಿಮೆಯಾಯಿತು. ಅವಳು ಕುಬಸದ ಕಣ, ಅಕ್ಕಿ, ಕೊಬ್ಬರಿ, ಹಸಿರು ಬಳೆ ನೀರಿಗೆ ಬಿಟ್ಟಳು. ಏನು ಬೇಡಿಕೊಳ್ಳಬೇಕೋ ಮರೆತುಹೋಯಿತು. "ದಂಡಿಗಿ ಮುಟ್ಟಸವ್ವ" ಎಂದಳು ಅಷ್ಟೇ.

ಬೋಟು ಊರ ಕಡೆ ತಿರುಗಿ ಮತ್ತೆ ಜೋರು ಹಿಡಿಯಿತು. ಆಗ ಮಾಶಾಕನ ದೊಡ್ಡ ಬೋಟು ಜನ ತುಂಬಿಕೊಂಡು, ಹಾಡು ಹಾಕಿಕೊಂಡು, ಪಕ್ಕದಿಂದ ದಾಟಿ ಮುಂದೆ ಹೋಯಿತು. ಮಾಶಾಕ ಕೈ ಬೀಸಿದ. ಅವನ ಹಿಂದಿನಿಂದ ತೆರೆಗಳು ಎದ್ದು ಬಂದವು. ಗಾಳಿಯ ತೆರೆಗಳಂಥವಲ್ಲ. ದಪ್ಪನೆಯವು, ನುಣ್ಣನೆಯವು, ಸದ್ದಿಲ್ಲದವು.

ಮುದಕಪ್ಪ ತಂಬಾಕು ಅಗಿಯುತ್ತಿದ್ದ. ಅವನ ದವಡೆ ನಿಂತಿತು. ಗದಿಗೆವ್ವ ಅದನ್ನು ಕಂಡಳು. ಅಷ್ಟು ವರ್ಷಗಳಲ್ಲಿ ನೀರಿನ ಮೇಲೆ ಅವನು ಹೆದರಿದ್ದನ್ನು ಅವಳು ಕಂಡಿರಲಿಲ್ಲ. 

ಅವನ ಬಲಗೈ ಹಿಡಿಕೆಯನ್ನು ಪೂರಾ ಹಿಂದಕ್ಕೆ ಎಳೆಯಿತು. ಹುಟ್ಟು ಎತ್ತಿದ ಹಾಗೆ.

ಎತ್ತಿದ ಮೂತಿ ಧಪ್ಪನೆ ಬಿತ್ತು. ಬೋಟು ನಿಂತಿತು, ಆದರೆ ಅದು ಎಬ್ಬಿಸಿದ್ದ ನೀರು ನಿಲ್ಲಲಿಲ್ಲ. ಹಿಂದಿನಿಂದ ಬಂದು ಎಂಜಿನ್ ಮೇಲಿಂದ ಒಳಗೆ ಸುರಿಯಿತು. ಮೊಣಕಾಲ ತನಕ ನೀರು. ಉಡಿಯ ಬುಟ್ಟಿ ಅವಳ ಕಾಲ ಬಳಿ ತೇಲಿತು. ಬೋಟು ಅಡ್ಡ ತಿರುಗಿ ಒಂದು ಕಡೆಗೆ ವಾಲಿತು. ಅದು ಹರಗೋಲಲ್ಲ, ತೆರೆಯ ಮೇಲೆ ಕೂರಲು ಅದಕ್ಕೆ ಬರುವುದಿಲ್ಲ. ಮಾಶಾಕನ ಮೊದಲ ತೆರೆ ಬಗಲಿಗೇ ಬರುತ್ತಿತ್ತು.

ಗದಿಗೆವ್ವ ಜಾರಿ ಬಿದ್ದಳು. ಕೈಗೆ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಅವನ ಸೊಂಟದ ಕೆಂಪು ದಾರ.

"ಜಗ್ಗಬ್ಯಾಡ ಲೇ! ಜಗ್ಗಿದ್ರ ಎಂಜಿನ್ ನಿಂದರತೈತಿ!" ಎಂದು ಅವನು ಚೀರಿದ.

ಅವಳು ದಾರ ಬಿಟ್ಟು ಅವನ ಕಾಲು ಹಿಡಿದಳು. ಏನು ಹೇಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಒಲೆಯ ಮುಂದೆ ದಿನಾ ಕೇಳಿದ್ದು ಬಾಯಿಂದ ತಾನೇ ಹೊರಗೆ ಬಿತ್ತು.

"ಕೈ ಬಿಡಬ್ಯಾಡಲೇ! ಮೂತಿ ತೆರಿಗಿ ಕೊಡು! ಕೊಡು!"

ಅವನ ಕೈ ಹಿಡಿಕೆಯನ್ನು ಮುಂದಕ್ಕೆ ನೂಕಿತು. ಎಂಜಿನ್ ಕೆಮ್ಮಿತು. ನಿಂತೇಹೋಯಿತು ಎನ್ನುವಷ್ಟರಲ್ಲಿ ಗುಡುಗಿತು. ಮೂತಿ ತಿರುಗಿ ತೆರೆಗೆ ಓರೆಯಾಯಿತು. ಬೋಟು ಏರಿತು. ಅವಳಿಗೆ ಬರೀ ಆಕಾಶ ಕಂಡಿತು.

"ಇಳಸೂ!"

ಅವನು ಇಳಿಸಿದ. ತುದಿಯಲ್ಲಿ ಎಂಜಿನ್ ನೀರು ಬಿಟ್ಟು ಗಾಳಿಯಲ್ಲಿ ಒಮ್ಮೆ ಕೀಂಯ್ ಎಂದಿತು. ಬೋಟು ಆಚೆ ಬದಿಗೆ ಬಿತ್ತು. ಒಳಗಿನ ನೀರೆಲ್ಲ ಮುಂದಕ್ಕೆ ಓಡಿ ಅವಳ ಮುಖಕ್ಕೆ ಹೊಡೆಯಿತು.

"ಕೊಡು!"

ಮತ್ತೊಂದು ತೆರೆ. ಮತ್ತೊಂದು. ಆಮೇಲೆ ಬರೀ ಗಾಳಿಯ ಸಾಲುಗಳು.

ದಂಡೆ ಮುಟ್ಟಿದಾಗ ಮುದಕಪ್ಪನ ಬೆರಳು ಹಿಡಿಕೆಯನ್ನು ಬಿಡಲಿಲ್ಲ. ಗದಿಗೆವ್ವ ಒಂದೊಂದೇ ಬಿಡಿಸಿದಳು. ಮಾಶಾಕ ತನ್ನ ಬೋಟು ಕಟ್ಟಿ ಓಡಿ ಬಂದ.

"ತಪ್ಪಾತ್ರಿ ಕಾಕಾ. ಹಿಂದ ನೋಡಲಿಲ್ಲ ನಾ."

"ಕೈ ಬಿಟ್ಟಾಂವ ನಾನಪ್ಪ" ಎಂದ ಮುದಕಪ್ಪ. ಆಮೇಲೆ ಹೆಂಡತಿಯ ಕಡೆ ನೋಡಿದ. "ಹೊಳ್ಯಾಗ ನನಗ ಲೇ ಅಂದಿ, ಗೊತ್ತೈತೇನ?"

ಅವಳು ನಗಲಿಲ್ಲ. ದಂಡೆಯ ಮೇಲೆ ಕುಳಿತು ವಾಂತಿ ಮಾಡಿಕೊಂಡಳು.

ಅವಳು ಮತ್ತೆ ಬೋಟು ಹತ್ತಲಿಲ್ಲ. ಅವನು ಬೋಟಿನ ಕೆಲಸ ಬಿಡಲಿಲ್ಲ. ಅವನ ಕೈಯೂ ಪಾಠ ಕಲಿಯಿತು ಎಂದು ಮಾಶಾಕ ಹೇಳುತ್ತಿದ್ದ. ಅವಳಿಗೆ ಅದು ಸಮಾಧಾನ ತರಲಿಲ್ಲ. ಮನೆಯಲ್ಲಿ ಪಾತ್ರೆ ತಿಕ್ಕುವಾಗ ದೂರದಲ್ಲಿ ಎಂಜಿನ್ನಿನ ಸದ್ದು ಇಳಿದರೆ ಅವಳ ಕೈ ನಿಲ್ಲುತ್ತಿತ್ತು. ಸದ್ದು ಮತ್ತೆ ಎದ್ದ ಮೇಲೆಯೇ ಕೈ ಓಡುತ್ತಿತ್ತು. ಸಂಜೆ ಅವನು ಬಂದರೆ ಮೊದಲು ಮುಖ ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದಳು. ಅಂಗಿಯ ಕೆಳಗೆ ಕೆಂಪು ದಾರ ಜೋತಾಡುತ್ತಿದ್ದರೆ ಒಲೆ ಹಚ್ಚುತ್ತಿದ್ದಳು.

ಹೋದ ಶ್ರಾವಣದ ಒಂದು ಮುಂಜಾನೆ. ಮುದಕಪ್ಪ ಚಹಾ ಕುಡಿದ, ಅಂಗಿ ತೊಟ್ಟ, ದಾರ ಸಿಕ್ಕಿಸಿಕೊಂಡ. ಚಪ್ಪಲಿ ಮೆಟ್ಟಲು ಕಟ್ಟೆಯ ಮೇಲೆ ಕುಳಿತವನು ಹಾಗೇ ಗೋಡೆಗೆ ಒರಗಿದ. ಎದೆ ಒತ್ತಿಕೊಂಡ. ಗದಿಗೆವ್ವ ನೀರಿನ ತಂಬಿಗೆ ತರುವಷ್ಟರಲ್ಲಿ ಕಣ್ಣು ಮೇಲೆ ಹೋಗಿದ್ದವು. ಹೊರಗೆ ಗಾಳಿಯೂ ಇರಲಿಲ್ಲ.

ಕರೆಯಲು ಬಂದ ಮಾಶಾಕ ಅವನನ್ನು ನೆಲಕ್ಕೆ ಮಲಗಿಸಿದ. ಎದೆ ತಿಕ್ಕಿದ. ಮೂಗಿಗೆ ಬೆರಳು ಹಿಡಿದ. ಓಣಿಯ ಮಂದಿ ಕೂಡಿದರು. ಅಮೃತವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನು ಏನೂ ಉಳಿದಿಲ್ಲ ಎಂದು ಯಾರೋ ಹಿರಿಯರು ಹೇಳಿದರು, ಮೈಮೇಲಿನದು ತೆಗೆಯಿರಿ ಎಂದರು. ಮಾಶಾಕ ಅಂಗಿಯ ಗುಂಡಿ ಬಿಚ್ಚಿ, ಉಡದಾರದ ಕೆಂಪು ದಾರಕ್ಕೆ ಕೈ ಹಾಕಿದ.

ಗದಿಗೆವ್ವ ಅವನ ಕೈ ಗಟ್ಟಿಯಾಗಿ ಹಿಡಿದಳು.

"ಜಗ್ಗಬ್ಯಾಡಪ್ಪಾ" ಎಂದಳು. "ಜಗ್ಗಿದ್ರ ಎಂಜಿನ್ ನಿಂದರತೈತಿ."

ಮಾಶಾಕ ಕೈ ತೆಗೆದ.