ಸ್ಪ್ಯಾನರ್ ಬೀಳಿಸುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಬೆರಳ ತುದಿಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಕಾರಿನ ಇಂಜಿನ್ನಿಗೆ ಗಾಳಿ ತುರುಕುವ ಕಾದ ಟರ್ಬೊಗಳನ್ನು ಇಪ್ಪತ್ತು ವರ್ಷ ಮುಟ್ಟಿ ಮುಟ್ಟಿ ಚರ್ಮ ಸುಟ್ಟು, ಮತ್ತೆ ಬೆಳೆದು, ಮತ್ತೆ ಸುಟ್ಟು ಬಳಪದ ಹಾಗೆ ನುಣ್ಣಗಾಗಿದ್ದವು. ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಒಪ್ಪುತ್ತಲೇ ಇರಲಿಲ್ಲ. ಹತ್ತು ಬೆರಳನ್ನೂ ಒತ್ತಿಸಿ ಸುಸ್ತಾಗಿ ಅಂಗಡಿಯವನು, "ನಿಮ್ಮ ಹೆಂಡತೀನ ಕಳಿಸ್ರೀ" ಎನ್ನುತ್ತಿದ್ದನಂತೆ. ಕೆಲಸಕ್ಕೆ ಗ್ಯಾರಂಟಿ ಕೇಳುವ ಗಿರಾಕಿಗಳಿಗೆ ಮೇಸ್ತ್ರಿ ಅದನ್ನೇ ಹೇಳುವರು: "ನಾನು ನಾನೇ ಅಂತ ಸರ್ಕಾರಕ್ಕೇ ಗ್ಯಾರಂಟಿ ಇಲ್ಲ, ನಿಂಗೆಲ್ಲಿಂದ ತರ್ಲಿ?"

ಗರುಡಾಚಾರ್‌ಪಾಳ್ಯದಲ್ಲಿ ನಮ್ಮಪ್ಪ ಕಟ್ಟಿಸಿದ ತಗಡಿನ ಶೆಡ್ಡುಗಳಲ್ಲಿ ಕೊನೆಯದು ಅವರದು. ನಮ್ಮದು ದೊಡ್ಡನೆಕ್ಕುಂದಿಯ ಹಳೇ ಮನೆತನ. ತಾತ ರಾಗಿ ಬೆಳೆದ ನೆಲದಲ್ಲಿ ಅಪ್ಪ ಶೆಡ್ಡು ಎಬ್ಬಿಸಿದರು, ನಾನು ಬಾಡಿಗೆ ತಿಂದು ಬೆಳೆದೆ. ಮೇಸ್ತ್ರಿ ಹಲಸೂರಿನವರು; ಅವರ ಲ್ಯಾಪ್‌ಟಾಪಿನ ಮೇಲ್ಗಡೆ ಗೋಡೆಯಲ್ಲಿ ಒಂದು ಬುದ್ಧನ ಪಟವಿತ್ತು. ಅಪ್ಪ ಶೆಡ್ಡಿನ ಹೊರಗೇ ನಿಂತು ಮಾತಾಡಿ ಬರುತ್ತಿದ್ದರು, ಅಲ್ಲಿಯ ಟೀ ಮುಟ್ಟುತ್ತಿರಲಿಲ್ಲ. ನಾನು ಒಳಗೆ ಕೂತು ಕುಡಿಯುತ್ತಿದ್ದೆ. ಅಷ್ಟಕ್ಕೇ ನಾನು ಬಹಳ ದೊಡ್ಡ ಮನುಷ್ಯ ಎಂದು ನನ್ನ ಭಾವನೆ.

ಅವರ ಕಸುಬು ಟರ್ಬೊ ಕಾರುಗಳಿಗೆ ಬಲ ಕೂಡಿಸುವುದು. ಇಂಥ ಕಾರುಗಳನ್ನು ಕಂಪನಿಯವರು ಸ್ವಲ್ಪ ಹಿಡಿತದಲ್ಲಿಟ್ಟೇ ಮಾರುತ್ತಾರೆ. ಮೇಸ್ತ್ರಿ ಲ್ಯಾಪ್‌ಟಾಪ್ ಜೋಡಿಸಿ, ಇಂಜಿನ್ನಿನ ಕಂಪ್ಯೂಟರಿನೊಳಗಿನ ಲೆಕ್ಕ ಬದಲಿಸಿ ಆ ಹಿಡಿತವನ್ನು ಸಡಿಲಿಸುತ್ತಿದ್ದರು. ಜೊತೆಗೆ ಇಂಟೇಕ್ ಹಾಕುವರು: ಕಂಪನಿಯ ಫಿಲ್ಟರ್ ಡಬ್ಬ ಕಿತ್ತು, ಅಗಲವಾದ ಕೊಳವೆ, ತುದಿಗೊಂದು ದೊಡ್ಡ ಫಿಲ್ಟರ್. ಅದನ್ನು ಹಾಕಿದರೆ ಕಾಲು ಒತ್ತಿದಾಗ ಗಾಳಿ ಸುಯ್ಯನೆ ಒಳಗೆ ಹೋಗುವುದು, ಕಾಲೆತ್ತಿದಾಗ ಉಸ್ಸೆಂದು ಬಿಡುವುದು ಎಲ್ಲ ಕಿವಿಗೆ ಬೀಳುತ್ತದೆ. ಮುಕ್ಕಾಲು ಪಾಲು ಗಂಡಸರು ಬರುತ್ತಿದ್ದದ್ದು ಆ ಉಸ್ಸಿಗೇ.

ಮೇಸ್ತ್ರಿಯ ಬಾಯಿ ಮಾತ್ರ ಬಲು ಕೆಟ್ಟದ್ದು. ಒಬ್ಬ ಸಾಫ್ಟ್‌ವೇರಿನವನು ಆನ್‌ಲೈನಿನಲ್ಲಿ ತರಿಸಿದ ಫಿಲ್ಟರನ್ನು ತಾನೇ ಕಾದ ಇಂಜಿನ್ನಿನ ಪಕ್ಕಕ್ಕೆ ಸಿಕ್ಕಿಸಿಕೊಂಡು ಬಂದಿದ್ದ. "ಏನ್ ಸ್ವಾಮಿ, ಇಂಜಿನ್‌ಗೆ ಬಿಸಿಗಾಳಿ ಕುಡಿಸ್ತಿದೀರಲ್ಲ. ನೀವು ಮಧ್ಯಾಹ್ನ ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ಬಸ್ಸಿನ ಹಿಂದೆ ನಿಂತು ಓಡಿ ನೋಡಿ, ಎಷ್ಟು ಓಡ್ತೀರ ಗೊತ್ತಾಗುತ್ತೆ" ಎಂದರು. ಅವನ ಹೆಂಡತಿ ಪಕ್ಕದಲ್ಲೇ ಇದ್ದಳು, ಕಿಸಕ್ಕನೆ ನಕ್ಕಳು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇನ್ನೊಬ್ಬ ಅಪ್ಪನ ದುಡ್ಡಿನವನು ಬಂದು ಎಷ್ಟು ಬಲ ಕೂಡುತ್ತದೆ ಎಂದು ಕೇಳಿದ್ದಕ್ಕೆ, "ಬಲ ಬೇಕಾಗಿರೋದು ಗಾಡಿಗಾ, ನಿಂಗಾ?" ಎಂದು ಎಲ್ಲರೆದುರಿಗೆ ಕೇಳಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೇರೆಯವರಿಗೆ ಮಂಗಳಾರತಿ ಆಗುವಾಗ ನನಗೆ ಬಹಳ ಖುಷಿ.

ಕೊನೆಗೆ ನನ್ನ ಸರದಿಯೂ ಬಂತು. ಹೊಸ ಟರ್ಬೊ ಸೆಡಾನ್ ತೆಗೆದುಕೊಂಡು ನೇರ ಅವರ ಶೆಡ್ಡಿಗೆ ಹೋದೆ. ಇಂಟೇಕ್ ಹಾಕಿದರು. ಆಮೇಲೆ ಪದ್ಧತಿಯಂತೆ ನನಗೆ ಓಡಿಸಲು ಹೇಳಿ ಪಕ್ಕದಲ್ಲಿ ಕೂತರು, ತೊಡೆಯ ಮೇಲೆ ಒಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಎರಡು ಸ್ಪ್ಯಾನರ್. ಬೆಳಗಿನ ಖಾಲಿ ರಿಂಗ್ ರೋಡು. ಟರ್ಬೊ ಎದ್ದು ಬೆನ್ನು ಸೀಟಿಗೆ ಒತ್ತುವ ಹೊತ್ತಿಗೆ ಸರಿಯಾಗಿ ತಟ್ಟೆ ಸಮೇತ ಸ್ಪ್ಯಾನರ್ ಠಣಾರನೆ ಬಿತ್ತು.

"ರೀ ಮೇಸ್ತ್ರಿ, ಪ್ರಾಣ ತೆಗೀತೀರಲ್ರೀ!"

"ಸಾರಿ ಮಗಾ, ಕೈ ಜಾರ್ತು" ಎಂದರು. ಆ ನುಣ್ಣನೆಯ ಬೆರಳುಗಳಿಂದ ಜಾರದೆ ಇನ್ನೇನು ಎಂದುಕೊಂಡು ನಾನು ಗಾಡಿಯನ್ನು ಶೆಡ್ಡಿನ ಕಡೆ ತಿರುಗಿಸಿದೆ. ಅವರ ಪಕ್ಕ ಕೂತು ಗಾಡಿ ಓಡಿಸಿದವರೆಲ್ಲ ಈ ಠಣಾರು ಕೇಳಿಸಿಕೊಂಡವರೇ. ಶೆಡ್ಡಿಗೆ ಬಂದ ಮೇಲೆ ನನ್ನನ್ನು ಟೀಗೆ ಕಳಿಸಿ, ಅರ್ಧ ಗಂಟೆ ಲ್ಯಾಪ್‌ಟಾಪಿನ ಮುಂದೆ ಕೂತು, "ಆಯ್ತು, ತಗೊಂಡ್ಹೋಗು" ಎಂದರು.

ಒಂದು ವರ್ಷ ನನ್ನನ್ನು ಹಿಡಿಯುವವರಿರಲಿಲ್ಲ. ಗಾಡಿ ಹಾರುತ್ತದೆ, ಸೀಟಿನಲ್ಲಿ ಕೂತರೇ ಗೊತ್ತಾಗುತ್ತದೆ ಎಂದು ನಮ್ಮ ಕಾರಿನ ಗುಂಪಿನಲ್ಲಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಒಂದು ಭಾನುವಾರ ಇಪ್ಪತ್ತು ಜನ ಸೇರಿ ಹೊಸಕೋಟೆ ಕಡೆಯ ಒಂದು ವರ್ಕ್‌ಶಾಪಿಗೆ ಹೋದೆವು. ಅಲ್ಲಿ ಡೈನೊ ಇತ್ತು. ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ, ಇಂಜಿನ್ನಿನ ಬಲ ಇಷ್ಟೆಂದು ಕಾಗದದ ಮೇಲೆ ಬರೆದುಕೊಡುವ ಯಂತ್ರ. ಇಂದಿರಾನಗರದ ಒಬ್ಬ ಹಲ್ಲಿನ ಡಾಕ್ಟರಮ್ಮ ಬಂದಿದ್ದರು, ಅವರ ಚಿಕ್ಕ ಕಾರಿಗೂ ಮೇಸ್ತ್ರಿಯದೇ ಕೈ. ಕಂಪನಿ ಹೇಳಿದ್ದಕ್ಕಿಂತ ಎಷ್ಟೋ ಮೇಲೆ ಹೋಯಿತು. ನನ್ನದು ಏರಿತು, ಕಂಪನಿಯ ಸಂಖ್ಯೆಯ ಹತ್ತಿರ ಬಂದು ನಿಂತಿತು. ಇನ್ನೆರಡು ಸಲ ಓಡಿಸಿದರು. ಅಷ್ಟೇ.

"ಗುರು, ನಿಂದು ಬರೀ ಸೌಂಡು!" ಎಂದು ಒಬ್ಬ ಕೂಗಿದ. ಇಪ್ಪತ್ತು ಜನವೂ ನಕ್ಕರು. "ಮೆಷಿನ್ನೇ ಸರಿಯಿಲ್ವೇನೋ ಬಿಡಿ" ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಅದು ಇನ್ನೂ ಉರಿಯಿತು.

ಮರುದಿನ ಬೆಳಿಗ್ಗೆ ಕಾಗದ ಹಿಡಿದುಕೊಂಡು ಶೆಡ್ಡಿಗೆ ನುಗ್ಗಿದೆ. ನಾಲ್ಕು ಜನ ಗಿರಾಕಿಗಳಿದ್ದರು. "ಪೂರ್ತಿ ಕೂಲಿ ತಗೊಂಡು ಟೋಪಿ ಹಾಕಿದ್ರಲ್ಲ, ನಾಚಿಕೆ ಆಗಲ್ವಾ?" ಎಂದು ಕಿರುಚಿದೆ.

ಮೇಸ್ತ್ರಿ ಕಾಗದ ನೋಡಲೂ ಇಲ್ಲ. "ಹೂಂ, ನಿಂದು ಕಂಪನಿ ಲೆಕ್ಕದಲ್ಲೇ ಬಿಟ್ಟಿದೀನಿ. ಕೊಳವೆ ಒಂದೇ ನಂದು" ಎಂದರು. "ಸ್ಪ್ಯಾನರ್ ಬೀಳುತ್ತಲ್ಲ, ಆಗ ನಾನು ಕಾಲು ನೋಡ್ತೀನಿ. ಡಾಕ್ಟರಮ್ಮಂದು ಟಕ್ಕಂತ ಮೇಲೆ ಬಂತು. ನಿಂದು ಇನ್ನೂ ಕೆಳಕ್ಕೆ ಹೋಯ್ತು. ಹೆದರಿದ್ರೆ ಒತ್ತೋ ಕಾಲು ನಿಂದು. ಅಂಥೋರಿಗೆ ನಾನು ಶಬ್ದ ಕೊಟ್ಟು ಕಳಿಸ್ತೀನಿ, ಬಲ ಕೊಡಲ್ಲ."

"ಅದನ್ನ ಹೇಳ್ಬೇಕಿತ್ತು!"

"ಹೇಳಿದ್ರೆ ಇನ್ನೊಬ್ಬನ ಹತ್ರ ಹೋಗ್ತಿದ್ದೆ. ಯಾರಾದ್ರೂ ಸಾಯ್ತಿದ್ರು. ನೀನಲ್ಲ ಮಗಾ. ನಿಮ್ಮಂಥೋರು ಸಾಯಲ್ಲ, ನಿಮಗೆಲ್ಲ ಏರ್‌ಬ್ಯಾಗ್ ಇರುತ್ತೆ."

ಗಿರಾಕಿಗಳಲ್ಲಿ ಒಬ್ಬ ನನ್ನ ಬಲಗಾಲಿನ ಕಡೆ ನೋಡಿದ. ಮೈಯೆಲ್ಲ ಹತ್ತಿ ಉರಿಯಿತು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ, "ಹೋಗೀ ಹೋಗೀ ಅಂಥವನ ಬಾಯಲ್ಲಿ ಮಾತು ಕೇಳಿಸ್ಕೊಂಡು ಬಂದ್ಯಲ್ಲೋ, ಥೂ" ಎಂದರು. ಅಂಥವನು ಎಂದರೆ ಎಂಥವನು ಎಂದು ನಾನು ಕೇಳಲಿಲ್ಲ, ಗೊತ್ತಿತ್ತು. ಎಂಟು ದಿನದಲ್ಲಿ ಶೆಡ್ ಖಾಲಿ ಮಾಡಲು ಹೇಳಿಸಿದೆವು. ಆ ಎಂಟು ದಿನದಲ್ಲಿ ನಾನು ಡೈನೊ ಕಾಗದದ ಫೋಟೊ ಹಾಕಿ, ಇವನು ಕಳ್ಳ ಎಂದು ವಾಟ್ಸಾಪ್ ಗುಂಪಿಗೆಲ್ಲ ಬರೆದೆ.

ಬೀಗ ಹಾಕಲು ನಾನೇ ಹೋದೆ, ಅವರ ಮುಖ ನೋಡುವ ಆಸೆ. ಸಾಮಾನೆಲ್ಲ ಟೆಂಪೊ ಏರಿತ್ತು. ಮೇಸ್ತ್ರಿ ಪೊರಕೆ ಹಿಡಿದು ಶೆಡ್ ಗುಡಿಸುತ್ತಿದ್ದರು. "ಇಲ್ಲಿ ಆಯಿಲ್ ಬಿದ್ದಿದೆ, ನೋಡ್ಕೊಂಡು ಬನ್ನಿ" ಎಂದರು. ಮೊದಲ ಸಲ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದರು. ಈ ಸುತ್ತಿನ ಶೆಡ್ಡಿನ ಮಾಲೀಕರೆಲ್ಲ ನಮ್ಮ ನೆಂಟರೇ, ಯಾರೂ ಅವರಿಗೆ ಜಾಗ ಕೊಡಲಿಲ್ಲ.

ನಾನು ಬೇರೆ ಟ್ಯೂನರ್ ಹತ್ತಿರ ಹೋಗಿ ಪೂರ್ತಿ ಬಲ ಹಾಕಿಸಿಕೊಂಡೆ. ಅವನೂ ನಮ್ಮ ಗುಂಪಿನವನೇ. ಅವನು ಸ್ಪ್ಯಾನರ್ ಬೀಳಿಸಲಿಲ್ಲ, ಕೈಕುಲುಕಿದ.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ, ಮಹದೇವಪುರದ ಸರ್ವಿಸ್ ರಸ್ತೆಯಲ್ಲಿ, ರಾತ್ರಿ ಪಾಳಿ ಮುಗಿಸಿದ ಒಬ್ಬ ವಾಚ್‌ಮನ್ ಸೈಕಲ್ ತಳ್ಳಿಕೊಂಡು ಅಡ್ಡ ಬಂದ. ನಾನು ಬೆಚ್ಚಿದೆ. ಬ್ರೇಕಿಗೆ ಹೋಗಬೇಕಾದ ಕಾಲು ಇದ್ದಲ್ಲೇ ಒತ್ತಿತು. ಅದು ನನಗೆ ಚೆನ್ನಾಗಿ ನೆನಪಿದೆ, ಯಾರಿಗೂ ಹೇಳಿಲ್ಲ. ಏರ್‌ಬ್ಯಾಗ್ ಬಿಚ್ಚಿಕೊಂಡಿತು, ನನ್ನ ತುಟಿ ಮಾತ್ರ ಒಡೆಯಿತು. ವಾಚ್‌ಮನ್‌ನ ಬಲಗಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆದರು.

ನಮ್ಮ ಲಾಯರು, ಗಾಡಿಗೆ ಯಾರಾದರೂ ಏನಾದರೂ ಮಾಡಿದ್ದಾರಾ ಎಂದು ಕೇಳಿದರು. ಮಾಡಿದ್ದರೆ ತಪ್ಪು ಗಾಡಿಯದಾಗುತ್ತದೆ, ನನ್ನದಾಗುವುದಿಲ್ಲ. ಬಾನೆಟ್ಟಿನೊಳಗೆ ಮೇಸ್ತ್ರಿಯ ಸ್ಟಿಕ್ಕರ್ ಅಂಟಿಸಿದ್ದ ಕೊಳವೆ ಇತ್ತು. ನಾನು ಅವರ ಹೆಸರು ಹೇಳಿದೆ. ಬೇರೆ ಟ್ಯೂನರಿನ ಹೆಸರು ನನ್ನ ಬಾಯಿಂದ ಬರಲಿಲ್ಲ, ಅವನು ಸ್ನೇಹಿತ.

ಪೊಲೀಸರು ಮೇಸ್ತ್ರಿಯನ್ನು ಸ್ಟೇಷನ್ನಿಗೆ ಕರೆಸಿದರು. ನಾಲ್ಕು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಎರಡನೇ ದಿನ ನಾನೂ ಹೇಳಿಕೆಗೆ ಸಹಿ ಹಾಕಲು ಅಲ್ಲಿದ್ದೆ. "ಕೊಳವೆ ಒಂದೇ ಸಾರ್ ನಂದು, ಬೇರೇನೂ ಮುಟ್ಟಿಲ್ಲ" ಎಂದು ಅವರು ಹೇಳುತ್ತಿದ್ದರು. "ಪೂರ್ತಿ ಕೂಲಿ ತಗೊಂಡು ಕೆಲಸಾನೇ ಮಾಡಿಲ್ಲ ಅಂತೀಯ. ಅದನ್ನ ನಾನು ನಂಬ್ಬೇಕು" ಎಂದು ಅಧಿಕಾರಿ ನಕ್ಕರು. ಮೇಸ್ತ್ರಿ ಸತ್ಯ ಹೇಳುತ್ತಿದ್ದಾರೆ ಎನ್ನುವುದಕ್ಕೆ ಸಾಕ್ಷಿ ಆ ಡೈನೊ ಕಾಗದ, ಅದು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಮೇಸ್ತ್ರಿ ನನ್ನ ಕಡೆ ತಿರುಗಿ, "ಕಾಗದ ತೋರ್ಸಿ" ಎಂದರು. ಯಾವ ಕಾಗದ ಎಂದೆ ನಾನು.

ಗುಂಪಿನ ಇಪ್ಪತ್ತು ಜನರ ಫೋನಿನಲ್ಲೂ ಆ ಫೋಟೊ ಇತ್ತು. ಎಲ್ಲರ ಗಾಡಿಯೊಳಗೂ ಮುಚ್ಚಿಡುವಂಥದ್ದು ಏನಾದರೊಂದು ಇದ್ದದ್ದರಿಂದ ಯಾರೂ ಉಸಿರೆತ್ತಲಿಲ್ಲ. ಐದನೇ ದಿನ ಡಾಕ್ಟರಮ್ಮ ಕ್ಲಿನಿಕ್ ಮುಚ್ಚಿ, ಸ್ಟೇಷನ್ನಿಗೆ ಹೋಗಿ ತಮ್ಮ ಫೋನು ತೋರಿಸಿದರು. ಮೇಸ್ತ್ರಿಯನ್ನು ಬಿಟ್ಟರು. ನನ್ನ ವಿಷಯಕ್ಕೆ ಅಪ್ಪ ಹೋಗಿ ಮಾತಾಡಿ ಬಂದರು, ಬ್ರೇಕ್ ಹಿಡಿಯಲಿಲ್ಲ ಎಂದು ಬರೆಸಿದ ಮೇಲೆ ಕೇಸು ತಣ್ಣಗಾಯಿತು.

ಸ್ಟೇಷನ್ ಮೆಟ್ಟಿಲು ಹತ್ತಿದವನ ಹತ್ತಿರ ಯಾರು ಗಾಡಿ ತರುತ್ತಾರೆ? ಮೇಸ್ತ್ರಿ ಬೈಯಪ್ಪನಹಳ್ಳಿಯಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿ ಟಯರ್ ಬಿಚ್ಚುವ ಕೆಲಸಕ್ಕೆ ಸೇರಿದರು. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಅವರನ್ನು ಕಂಡು ನಾನು ಕಿಟಕಿ ಏರಿಸಿಕೊಂಡೆ. ಮುಂದಿನ ವರ್ಷ ಡಾಕ್ಟರಮ್ಮ ಫೋನ್ ಮಾಡಿ, "ಅವರಿಗೆ ಶ್ವಾಸಕೋಶ ಕೆಟ್ಟಿದೆ, ತುಂಬ ದಿನ ಇರಲ್ಲ. ನಿಮಗೆ ಮನುಷ್ಯತ್ವ ಅಂತ ಏನಾದ್ರೂ ಇದ್ರೆ ಹೋಗ್ಬನ್ನಿ" ಎಂದರು.

ಒಂದೇ ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿ ನಾನು ಯಾರೆಂದು ಗೊತ್ತಿದ್ದೂ ಕುರ್ಚಿ ಹಾಕಿ, ಟೀ ಕೊಟ್ಟರು. ಮೇಸ್ತ್ರಿ ಗೋಡೆಗೆ ಒರಗಿ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು.

"ತಪ್ಪಾಯ್ತು ಮೇಸ್ತ್ರಿ, ಕ್ಷಮಿಸಿಬಿಡಿ" ಎಂದೆ. ನಿಜವಾಗಿಯೂ ಅತ್ತೆ.

ಅವರು ಅಳು ಮುಗಿಯುವವರೆಗೆ ಕಾದರು. "ವಾಚ್‌ಮನ್ ಹತ್ರ ಹೋಗಿದ್ಯಾ?"

"ಇಲ್ಲ."

"ಒಂದ್ಸಲಾನೂ?"

"ಲಾಯರು ಬೇಡ ಅಂದಿದ್ರು."

ನಗಲು ಹೋಗಿ ಕೆಮ್ಮಿದರು. ಹೆಂಡತಿ ಬೆನ್ನು ನೀವಿದರು. ಉಸಿರು ಬಂದ ಮೇಲೆ ನಿಧಾನವಾಗಿ ಹೇಳಿದರು: "ನಂದು ಶೆಡ್ ಹೋಯ್ತು. ಅವಂದು ಕಾಲು. ಲೈನಲ್ಲಿ ಅವ್ನು ಮುಂದೆ ಇದಾನೆ. ಮೊದ್ಲು ಅವನ ಹತ್ರ ಕೇಳ್ಕೊಂಡು ಬಾ. ಆಮೇಲೆ ನಂದು ನೋಡಣ."

ಆಯಿತು ಎಂದು ತಲೆಯಾಡಿಸಿ ಎದ್ದು ಬಂದೆ. ಆ ವಾರ ಒಂದು ಮದುವೆಯಿತ್ತು. ಮುಂದಿನ ವಾರ ಯಾವುದೋ ರಿಜಿಸ್ಟ್ರೇಷನ್ ಕೆಲಸ. ಹನ್ನೊಂದನೇ ದಿನಕ್ಕೆ ಮೇಸ್ತ್ರಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಹಿಂದೆ ನಿಂತಿದ್ದೆ. ಅವರ ಹೆಂಡತಿ ಒಂದೇ ಸಲ ನನ್ನ ಕಡೆ ನೋಡಿ, "ಹೋಗಿದ್ರಾ?" ಎಂದು ಕೇಳಿದರು.

ವಾಚ್‌ಮನ್ ಮನೆ ಕೆ.ಆರ್.ಪುರದಲ್ಲಿ, ಸಂತೆ ಬೀದಿಯ ಹಿಂದೆ. ನಮ್ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಮೇಸ್ತ್ರಿ ಹೋಗಿ ಎರಡು ವರ್ಷವಾಯಿತು. ನಾನಿನ್ನೂ ಹೋಗಿಲ್ಲ.