ನೋಡದೆ ಕೊಟ್ಟ ಟ್ಯೂಬು

…ಗುಂಡಗಿತ್ತು, ಎಂಟಾಣೆ ನಾಣ್ಯದಷ್ಟು, ಒಣಗಿದ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಅಂಚಿನಲ್ಲಿ ಸಣ್ಣಗೆ ಹೊಟ್ಟು ಏಳುತ್ತಿತ್ತು ಎಂದು ಬರೆಯಹೊರಟವನು ಇಲ್ಲೇ ನಿಲ್ಲುತ್ತೇನೆ. ನಾನು ಅದನ್ನು ನೋಡಿರಲಿಲ್ಲ. ನೋಡಿರಲು ಸಾಧ್ಯವೇ ಇಲ್ಲ. ಆ ಕಲೆ ಇದ್ದದ್ದು ಅಕ್ಕನ ಸೊಂಟದ ಕೆಳಗೆ, ಸೀರೆಯ ಒಳಗೆ.

ಆದರೂ ನನ್ನ ನೆನಪಿನಲ್ಲಿ ಅದಕ್ಕೆ ಬಣ್ಣವಿದೆ. ಆಮೇಲೆ ಯಾವುದೋ ಡಾಕ್ಟರ ಫೋನಿನಲ್ಲಿ ಕಂಡ ಫೋಟೊದಿಂದ ಬಂದಿರಬೇಕು. ಅಥವಾ ನನ್ನ ಹೆಂಡತಿ ಶಾಂತಾಳ ಮಾತಿನಿಂದ. ಮನಸ್ಸು ಇಂಥ ಖಾಲಿ ಜಾಗಗಳನ್ನು ತಾನೇ ತುಂಬಿಕೊಂಡು, ಕಣ್ಣಾರೆ ಕಂಡೆ ಎಂದು ಆಮೇಲೆ ಸಾಧಿಸುತ್ತದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ತುಂಬಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ.

ಮಾನ್ವಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಅಕ್ಕ ಹುಲಿಗೆಮ್ಮನದು ದೇವದುರ್ಗದ ಹತ್ತಿರದ ಹಳ್ಳಿ. ನಮ್ಮದು ಕುರಿ ಸಾಕುವ ಮನೆತನ. ಭಾವ ಈಗಲೂ ವರ್ಷದ ಬಹುಪಾಲು ಹಿಂಡಿನ ಜೊತೆ ಊರೂರು ತಿರುಗುತ್ತಾನೆ. ಅಕ್ಕ ಒಮ್ಮೆ ನಮ್ಮ ಮನೆಗೆ ಬಂದಾಗ ಶಾಂತಾಳನ್ನು ಅಡುಗೆಮನೆಗೆ ಕರೆದು ಏನೋ ಹೇಳಿದಳು. ಶಾಂತಾ ಅಂಗಡಿಗೆ ಬಂದಳು.

"ಅಕ್ಕಾರಿಗಿ ಗಜಕರ್ಣ ಆಗ್ಯಾದಂತ. ಏನರ ಕೊಡ್ರಿ."

"ಎಲ್ಲಿ?"

"ಎಲ್ಲೋ ಒಂದ್ಕಡಿ. ನಿಮಗ್ಯಾಕ ಅದು?"

ಕೊಟ್ಟೆ. ಇಲ್ಲಿ ತುರಿಕೆ ಎಂದು ಬಂದ ಎಲ್ಲರಿಗೂ ಕೊಡುವ ಮುಲಾಮು. ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂಬುದು ನನಗೆ ಗೊತ್ತಿತ್ತು. ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿ ಬರುವ ಸಿರವಾರದ ಕಡೆಯವರು ಅದನ್ನು ಹೆಸರು ಹಿಡಿದೇ ಕೇಳುತ್ತಾರೆ. ಅಕ್ಕನ ಕಲೆ ವಾರದಲ್ಲಿ ಮಾಯವಾಯಿತು. ಮತ್ತೆ ಬಂತು. ಮತ್ತೊಂದು ಟ್ಯೂಬು. ಹೋಯಿತು, ಬಂತು. ಎರಡು ವರ್ಷ ಹೀಗೇ ಹೋಯಿತು. ಪ್ರತಿ ಸಲವೂ ಒಳ್ಳೆಯ ಔಷಧ ಕೊಟ್ಟೆನೆಂದು ನನಗೆ ಸಮಾಧಾನವೇ ಆಗುತ್ತಿತ್ತು.

ಕಲೆ ಬೆನ್ನಿಗೆ ಹತ್ತಿ, ರವಿಕೆಯ ಅಂಚಿನಲ್ಲಿ ಕಾಣತೊಡಗಿದಾಗ ಊರ ಹೆಂಗಸರು ನಳದ ಬಳಿ ತಮ್ಮ ಕೊಡ ದೂರ ಸರಿಸಿದರಂತೆ. 'ದೊಡ್ಡ ರೋಗ' ಎಂದರಂತೆ. ಕುಷ್ಠ ಎಂಬ ಮಾತನ್ನು ನಮ್ಮಲ್ಲಿ ಬಾಯಿಬಿಟ್ಟು ಆಡುವುದಿಲ್ಲ. ಆಗ ಅಕ್ಕನನ್ನು ರಾಯಚೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶಾಂತಾ, ನಾನು, ಅಕ್ಕ. ಬಸ್ಸಿನಲ್ಲಿ ಅಕ್ಕನ ಮೈಯಿಂದ ಆ ಮುಲಾಮಿನ ವಾಸನೆ ಬರುತ್ತಿತ್ತು.

"ಹಚ್ಚೀಯೇನು ಯಕ್ಕಾ?"

"ಹತ್ತು ದಿನ ಆತು, ಮುಂಜಾನಿ ಒಮ್ಮಿ ಸಂಜಿ ಒಮ್ಮಿ ಹಚ್ಚಾಕತ್ತೀನಿ. ಸಂತಿಗಿ ಹೊಂಟ ಕುರಿನ ಸೈತ ತೊಳದು, ಕಜ್ಜಿಗಿ ಎಣ್ಣಿ ತಿಕ್ಕಿ ಒಯ್ತೀವಿ. ನಾ ಹಂಗ ಹೋಗಿ ನಿಂದರಲೇನು ಡಾಕ್ಟರ್ ಮುಂದ?"

ನಾವು ಮೂವರೂ ನಕ್ಕೆವು. ನಕ್ಕದ್ದು ಮಾತ್ರ ನಿಜ.

ಪರೀಕ್ಷೆ ಪರದೆಯ ಒಳಗೆ. ನಾನು ಹೊರಗೆ ನಿಂತಿದ್ದೆ. ಸೂಜಿ ಚುಚ್ಚಿ, ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡಿ, ಕುಷ್ಠವಲ್ಲ ಎಂದರು. ಬಯಾಪ್ಸಿಗೆ ಚರ್ಮದ ಒಂದು ಚೂರು ತೆಗೆಯುವ ಮುನ್ನ ಡಾಕ್ಟರ್ ಕೇಳಿದರು: "ಇದಕ್ಕೆ ಏನಾದರೂ ಹಚ್ಚುತ್ತಿದ್ದಿರಾ?"

"ಇಲ್ಲ."

ಈ ಒಂದು ಮಾತಿಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ದನಿ ಪರದೆಯ ಒಳಗಿನಿಂದ ಬರುತ್ತದೆ, ಅಕ್ಕನದು. ಇನ್ನೊಂದರಲ್ಲಿ ಅದು ನನ್ನ ಗಂಟಲಿನಿಂದಲೇ ಹೊರಡುತ್ತದೆ. ನನಗೆ ಕಾರಣವಿತ್ತು: ಚೀಟಿಯಿಲ್ಲದೆ ಸ್ಟಿರಾಯ್ಡ್ ಮಾರಿದವನು. ಅವಳಿಗೂ ಕಾರಣವಿತ್ತು: ತಮ್ಮನ ಅಂಗಡಿಗೆ ತೊಂದರೆಯಾಗಬಾರದು. ಶಾಂತಾಳನ್ನು ಕೇಳಿದರೆ ಒಂದು ದಿನ "ನೀವ ಅಂದ್ರಿ" ಎನ್ನುತ್ತಾಳೆ, ಇನ್ನೊಂದು ದಿನ "ಅಕ್ಕಾರ ಅಂದಿರಬೇಕ್ರಿ" ಎನ್ನುತ್ತಾಳೆ. ಕೇಸ್ ಪೇಪರಿನಲ್ಲಿ, ಏನನ್ನೂ ಹಚ್ಚಿಲ್ಲ ಎಂದಷ್ಟೇ ಇದೆ. ಹೇಳಿದವರು ಯಾರೆಂದು ಬರೆದಿಲ್ಲ.

ರಿಪೋರ್ಟಿನಲ್ಲಿ ವಿಶೇಷವೇನೂ ಇರಲಿಲ್ಲ. ಡರ್ಮಟೈಟಿಸ್, ಅಂದರೆ ಚರ್ಮದ ಉರಿಯೂತ ಇರಬಹುದು, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದರು. ಮುಲಾಮು ಹಚ್ಚಿದರೆ ಕಡಿಮೆಯಾಗುತ್ತಿತ್ತು.

ನಾವು ಹೋಗಲಿಲ್ಲ.

ಒಂದೂವರೆ ವರ್ಷ.

ಆಮೇಲೆ ತೊಡೆಯ ಮೇಲೆ ಗಡ್ಡೆ ಎದ್ದಿತು. ಅದು ಯಾವ ಟ್ಯೂಬಿಗೂ ಬಗ್ಗಲಿಲ್ಲ. ರಾಯಚೂರಿನ ಅದೇ ಡಾಕ್ಟರ್ ಈ ಸಲ ತಡಮಾಡದೆ ಹೈದರಾಬಾದಿಗೆ ಬರೆದುಕೊಟ್ಟರು. ಅಲ್ಲಿಯ ಆಸ್ಪತ್ರೆಯ ಒಂದು ವಿಭಾಗ ಇಂಥ ಚರ್ಮರೋಗಗಳ ಮೇಲೆಯೇ ಸಂಶೋಧನೆ ನಡೆಸುತ್ತದೆ. ಎರಡು ಬಯಾಪ್ಸಿ, ಸ್ಕ್ಯಾನ್, ರಕ್ತ ಪರೀಕ್ಷೆ. ನಂತರ ಒಂದು ಹೆಸರು.

ಸ್ಕಿನ್ ಲಿಂಫೋಮಾ.

ರೋಗದ ವಿರುದ್ಧ ಕಾವಲು ಕಾಯಬೇಕಾದ ಬಿಳಿ ರಕ್ತಕಣಗಳೇ ಕೆಟ್ಟು ಚರ್ಮದಲ್ಲಿ ಬೀಡುಬಿಡುವ ಕ್ಯಾನ್ಸರ್. ಶುರುವಿನಲ್ಲಿ ಅದು ಗಜಕರ್ಣದಂತೆ, ಇಸಬಿನಂತೆ ಕಾಣುತ್ತದೆಯಂತೆ. ಕಲೆಯಾಗಿದ್ದಾಗಲೇ ಸಿಕ್ಕರೆ ಬಹಳ ವರ್ಷ ಹಿಡಿತದಲ್ಲಿಡಬಹುದು. ಗಡ್ಡೆಯಾದ ಮೇಲೆ ಕಷ್ಟ. ಇಷ್ಟನ್ನು ಹೇಳಿದ್ದು ಅಲ್ಲಿ ಸಂಶೋಧನೆ ಮಾಡುವ ಡಾಕ್ಟರ್, ಬಳ್ಳಾರಿ ಕಡೆಯ ಹುಡುಗಿ. ಅಕ್ಕನ ಬಯಾಪ್ಸಿಯಲ್ಲಿ ಉಳಿದ ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಲು ಒಪ್ಪಿಗೆ ಕೇಳಲು ಬಂದಿದ್ದಳು.

"ನನ್ನ ತೊಗಲು ಇಟ್ಕೊಂಡು ಏನ್ ಮಾಡ್ತಿ ಯವ್ವಾ?" ಎಂದಳು ಅಕ್ಕ.

"ಓದ್ತೀವಮ್ಮ. ಮುಂದೆ ಬರೋರಿಗೆ ಬೇಗ ಗೊತ್ತಾಗಲಿ ಅಂತ."

"ಸಾಲಿ ಮೆಟ್ಟಿಲ ಹತ್ತಿದಾಕಿ ಅಲ್ಲ ನಾನು. ನನ್ನ ತೊಗಲರ ಓದವರ ಕೈಯಾಗ ಇರ್ಲಿ ಬಿಡು." ಹೆಬ್ಬೆಟ್ಟು ಒತ್ತಿದಳು.

ಆ ಹುಡುಗಿಯೂ ಅದೇ ಪ್ರಶ್ನೆ ಕೇಳಿದಳು, ಏನಾದರೂ ಹಚ್ಚುತ್ತಿದ್ದಿರಾ ಎಂದು. ಈ ಸಲದ ದನಿ ಯಾರದೆಂದು ಅನುಮಾನವಿಲ್ಲ. "ಹಚ್ಚಿದ್ವಿ. ನಾನ ಕೊಟ್ಟಿದ್ದು. ಮೊದಲ ಬಯಾಪ್ಸಿ ಮಾಡಿದ ದಿನಾನೂ ಹಚ್ಚಿದ್ಲು," ಎಂದೆ. ಸ್ಟಿರಾಯ್ಡ್ ಆ ಕಣಗಳನ್ನು ಸ್ವಲ್ಪ ಕಾಲ ಚದುರಿಸಿಬಿಡುತ್ತದೆ, ಮೈಕ್ರೊಸ್ಕೋಪಿನಡಿ ರೋಗ ಅಡಗಿಬಿಡುತ್ತದೆ, ಅದಕ್ಕೇ ಕೆಲವು ವಾರ ಮುಲಾಮು ಬಿಡಿಸಿ ಬಯಾಪ್ಸಿ ಮಾಡುತ್ತಾರೆ ಎಂದು ಆಕೆ ಶಾಂತವಾಗಿ ವಿವರಿಸಿದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

"ಹಂಗಾರ, ಹಚ್ಚದಿದ್ರ ಅವತ್ತ ಸಿಗತಿತ್ತೇನ್ರಿ?"

"ಹೇಳೋಕಾಗಲ್ಲ ಸರ್. ಏನೂ ಹಚ್ಚದವರಲ್ಲೂ ಮೊದಲ ಬಯಾಪ್ಸಿಲಿ ಸಿಗದೇ ಹೋಗುತ್ತೆ. ಬೇಗ ಹಿಡಿಯೋದು ಹೇಗೆ ಅಂತಾನೇ ನಾವು ಹುಡುಕ್ತಿರೋದು."

ರೇಡಿಯೇಷನ್ ಆಯಿತು. ತೊಡೆಯ ಗಡ್ಡೆ ಇಳಿಯಿತು. ಆಮೇಲೆ ಲೈಟ್ ಟ್ರೀಟ್‌ಮೆಂಟ್: ಸುತ್ತಲೂ ಟ್ಯೂಬ್‌ಲೈಟುಗಳಿರುವ ಪೆಟ್ಟಿಗೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬರಿಮೈಯಲ್ಲಿ ನಿಲ್ಲಬೇಕು. "ಹಂಚಿನ ಮ್ಯಾಲಿನ ರೊಟ್ಟಿ ಆಗೀನಿ. ತಿರುವಿ ಹಾಕೂದೊಂದು ಉಳದದ," ಎನ್ನುತ್ತಿದ್ದಳು. ಆದರೆ ಎರಡು ತಿಂಗಳ ಹಿಂದೆ ಎಡ ಭುಜದ ಕೆಳಗೆ ಹೊಸ ಗಡ್ಡೆ ಎದ್ದು ಒಡೆಯಿತು. ಈಗ ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ಮಾತ್ರೆ ಬದಲಾಗಿದೆ. ದಿನಾ ಡ್ರೆಸ್ಸಿಂಗ್ ಆಗಬೇಕು. ಅದನ್ನು ಶಾಂತಾ ಮಾಡುತ್ತಿದ್ದಳು.

ಹೋದ ವಾರ ಶಾಂತಾ ತವರಿಗೆ, ಚೀಕಲಪರ್ವಿಗೆ ಹೋಗಬೇಕಾಯಿತು, ಅವಳ ಚಿಕ್ಕಪ್ಪ ತೀರಿಕೊಂಡಿದ್ದರು. ಬೆಳಿಗ್ಗೆ ಗಾಜ್ ಬಟ್ಟೆ, ಸಲೈನ್ ನೀರು, ಕೈಗವಸು ಹಿಡಿದು ಅಕ್ಕನ ಬಾಗಿಲಲ್ಲಿ ನಿಂತೆ. ನರ್ಸ್ ಒಬ್ಬಾಕೆಯನ್ನು ಕರೆಸಲೇ ಎಂದೆ. ಅಕ್ಕ ನನಗೆ ಬೆನ್ನು ಮಾಡಿ ಕುಳಿತು ಸೆರಗು ಇಳಿಸಿದಳು.

"ಬಾರಲೇ. ನಿನ್ನ ಎತ್ತಿ ಆಡಿಸಿದಾಕಿ ನಾನು."

ಐವತ್ತೆರಡು ವರ್ಷದ ಬೆನ್ನು. ಚುಕ್ಕೆ, ಪಟ್ಟೆ, ಕಂದು, ಕೆಂಪು. ಅವುಗಳ ನಡುವೆ, ಎಡ ಭುಜದ ಕೆಳಗೆ ಹುಣ್ಣು, ಅಂಗೈಯಷ್ಟಗಲ. ಇಷ್ಟು ವರ್ಷ ನಾನು ಔಷಧ ಕೊಟ್ಟದ್ದು ಇದಕ್ಕೆ. ಮೊದಲ ಸಲ ನೋಡುತ್ತಿದ್ದೆ. ಸಲೈನ್ ಸುರಿದಾಗ ಅವಳ ಹೆಗಲು ನಡುಗಿತು. ಮುಖ ಕಾಣುತ್ತಿರಲಿಲ್ಲವಾದ್ದರಿಂದ ಕೇಳುವುದು ಸುಲಭವಾಯಿತು.

"ಯಕ್ಕಾ, ಅವತ್ತ ರಾಯಚೂರಾಗ, ಏನೂ ಹಚ್ಚಿಲ್ಲ ಅಂತ ಅಂದವರು ಯಾರು?"

"ನಾನ ಅಂದೆ ಅನ್ಕೋ. ನಿನಗ ಹಗುರ ಆಗತದೇನು?"

"ಅನ್ಕೋಳಾದು ಬ್ಯಾಡ. ಖರೇ ಹೇಳು."

"ಖರೇ ತಗೊಂಡು ಈ ಹುಣ್ಣಿಗಿ ಹಚ್ತೀಯೇನು? ಪಟ್ಟಿ ಹಾಕು, ಥಂಡಿ ಹತ್ತಾಕತ್ತದ."

ಪಟ್ಟಿ ಹಾಕಿದೆ. ಶಾಂತಾ ಮರಳಿ ಬಂದ ಮೇಲೂ ಆ ಕೆಲಸ ನನ್ನದೇ ಆಗಿದೆ. ಹುಣ್ಣಿನ ಅಂಚು ತುಸು ಒಣಗಿದೆ, ಅಥವಾ ಹಾಗೆ ಕಾಣಬೇಕೆಂದು ನನಗೆ ಆಸೆಯಿದೆ. ಅಕ್ಕ ಎರಡು ರೊಟ್ಟಿ ಉಣ್ಣುತ್ತಿದ್ದಾಳೆ. ಅಂಗಡಿಗೆ ಯಾರಾದರೂ ಆ ಮುಲಾಮು ಕೇಳಿಕೊಂಡು ಬಂದರೆ ಚೀಟಿ ತನ್ನಿ ಎನ್ನುತ್ತೇನೆ. ಬೈದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ.

ಆ ದಿನ 'ಇಲ್ಲ' ಎಂದದ್ದು ಯಾರೆಂದು ಅಕ್ಕನಿಗೆ ನಿಜವಾಗಿ ಮರೆತಿದೆಯೋ, ನನ್ನ ಮಾತನ್ನು ತನ್ನ ಮೇಲೆ ಹಾಕಿಕೊಂಡಳೋ ನನಗೆ ಗೊತ್ತಿಲ್ಲ. ಆ ಒಂದೂವರೆ ವರ್ಷ ಸಿಕ್ಕಿದ್ದರೆ ಈ ಗಡ್ಡೆಗಳು ಏಳುತ್ತಿರಲಿಲ್ಲವೋ ಏನೋ, ಅದೂ ಗೊತ್ತಿಲ್ಲ. ಅವಳಿಗೆ ಇನ್ನೆಷ್ಟು ದಿನ ಇದೆ ಎಂದು ಡಾಕ್ಟರಿಗೂ ಗೊತ್ತಿಲ್ಲ.