ಒಂದು ಬೆಳಿಗ್ಗೆ, ಎರಡು ಕ್ಯಾಮೆರಾ

ಮಾವನಿಗೆ ಫಿಲ್ಮ್ ಕ್ಯಾಮೆರಾದ ಮೇಲೆ ಸ್ವಲ್ಪವೂ ಮೋಹವಿಲ್ಲವೆಂದು ನನಗೆ ಗೊತ್ತಾದದ್ದು ಅವರು ಅದನ್ನು ನನಗೆ ಕೊಟ್ಟ ದಿನ. ಮಾವ ಎಂದರೆ ನನ್ನ ಅಮ್ಮನ ತಮ್ಮ. ಕಾರ್ಕಳ ಪೇಟೆಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದವರು. ಅಂಗಡಿ ಬಿಟ್ಟ ಮೇಲೂ ಮದುವೆಗೆ ಯಾರಾದರೂ ಕರೆದರೆ ಡಿಜಿಟಲ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಕಪಾಟು ಖಾಲಿ ಮಾಡುವಾಗ ಸಿಕ್ಕಿದ ಹಳೆಯ ಕ್ಯಾಮೆರಾವನ್ನು ಗುಜರಿಗೆ ಕೊಡುವುದರಲ್ಲಿದ್ದರು. ನಾನು ಕೈಚಾಚಿದೆ.

"ಎಂತ ಮಾಡ್ತಿ ಇದನ್ನು?"

"ಫೋಟೋ ತೆಗೀತೇನೆ ಮಾವ."

"ಮರುಳಾ ನಿಂಗೆ? ಫೋನಿನಲ್ಲಿ ಇದಕ್ಕಿಂತ ಚಂದ ಬರ್ತದೆ."

ನನ್ನ ಕುತೂಹಲಕ್ಕೆ ಕಾರಣವಿತ್ತು. ನಾನು ಮಣಿಪಾಲದಲ್ಲಿ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವಳು. ಸೇರಿದ ಹೊಸತರಲ್ಲಿ ಕೆಂಪು ದೀಪದ ಕೋಣೆಯಲ್ಲಿ ನಿಂತು ಫಿಲ್ಮುಗಳನ್ನು ತೊಳೆದಿದ್ದೇನೆ. ಖಾಲಿ ಹಾಳೆಯ ಮೇಲೆ ಯಾರದೋ ಪಕ್ಕೆಲುಬು ನಿಧಾನವಾಗಿ ಮೂಡುವುದನ್ನು ನೋಡಿದ್ದೇನೆ. ಈಗ ಎಲ್ಲವೂ ಕಣ್ಣುಮಿಟುಕಿಸುವುದರೊಳಗೆ ಪರದೆಯ ಮೇಲೆ ಬರುತ್ತದೆ, ಮೊದಲಿಗಿಂತ ಸ್ಪಷ್ಟವಾಗಿಯೂ ಇರುತ್ತದೆ. ಆ ಕೋಣೆಗೆ ಹಿಂದಿರುಗಬೇಕೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಆದರೂ ಎಲುಬಿನ ಬದಲು ಮುಖ ಮೂಡಿದರೆ ಹೇಗಿರಬಹುದು ಎಂದು ನೋಡುವ ಆಸೆ ಮಾತ್ರ ಉಳಿದಿತ್ತು.

ಕಪ್ಪು ಬಿಳುಪಿನ ಒಂದು ರೋಲ್ ತರಿಸಿಕೊಂಡು, ಮಾವನನ್ನು ಪುಸಲಾಯಿಸಿ ಒಂದು ಭಾನುವಾರ ಬೆಳಿಗ್ಗೆ ಕಾಪುವಿನ ಕಡಲತೀರಕ್ಕೆ ಕರೆದುಕೊಂಡು ಹೋದೆ. ಕರಾರು ಇಷ್ಟೇ: ಇಬ್ಬರೂ ಒಂದೇ ದೃಶ್ಯವನ್ನು ತೆಗೆಯಬೇಕು, ಅವರು ಅವರ ಕ್ಯಾಮೆರಾದಲ್ಲಿ, ನಾನು ನನ್ನದರಲ್ಲಿ. ದೀಪಸ್ತಂಭದ ಬಂಡೆ, ಮರಳಿನ ಮೇಲೆಳೆದ ದೋಣಿಗಳು, ಬಲೆ ಬಿಡಿಸುತ್ತಿದ್ದವರ ಬೆನ್ನುಗಳು. ಮಾವ ಒಂದರ ಹಿಂದೆ ಒಂದು ಹೊಡೆಯುತ್ತ, ನೋಡುತ್ತ, ಅಳಿಸುತ್ತ ಮುಂದೆ ಹೋಗುತ್ತಿದ್ದರು. ನಾನು ಒಂದು ದೋಣಿಯ ಮುಂದೆ ನಿಂತರೆ ಬೆಳಕು ಲೆಕ್ಕಹಾಕುವುದರಲ್ಲೇ ಅಲೆ ಬಂದು ಕಾಲು ಒದ್ದೆಯಾಗುತ್ತಿತ್ತು.

ದೋಣಿಯ ಪಕ್ಕ ಒಬ್ಬ ಹೆಂಗಸು ಬಂಗುಡೆ ಮೀನುಗಳನ್ನು ಬುಟ್ಟಿಗೆ ವಿಂಗಡಿಸುತ್ತಿದ್ದರು. ಫೋಟೋ ತೆಗೆಯಬಹುದೇ ಎಂದು ಕೇಳಿದಾಗ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಮಾವ ತೆಗೆದು ತೋರಿಸಿದರು.

"ಅಯ್ಯೋ, ಬಾಯಿ ಸೊಟ್ಟ ಬಂದಿದೆ. ಅದು ಬೇಡ, ಇನ್ನೊಂದು ತೆಗೀರಿ."

ತನಗೆ ಒಪ್ಪಿಗೆಯಾಗುವವರೆಗೂ ಆಕೆ ಮಾವನನ್ನು ಬಿಡಲಿಲ್ಲ. ಆಮೇಲೆ ನನ್ನ ಸರದಿ. ನಾನು ಲೆನ್ಸಿನ ಉಂಗುರ ತಿರುಗಿಸಿ, ಹಿಂದೆ ಸರಿದು, ಮತ್ತೆ ಮುಂದೆ ಬಂದು ಹೊಂದಿಸುವಷ್ಟರಲ್ಲಿ ಆಕೆಯ ನಗು ಆರಿಹೋಗಿತ್ತು. ಕೈ ಕೆಳಗಿಳಿದಿತ್ತು. ಆಗ ಕ್ಲಿಕ್ಕಿಸಿದೆ.

"ತೋರಿಸಿ, ನೋಡುವ."

"ಇದರಲ್ಲಿ ಕಾಣುವುದಿಲ್ಲ ಅಕ್ಕ. ತೊಳೆದ ಮೇಲೆಯೇ."

"ಮತ್ತೆ ಎಂತಕ್ಕೆ ತೆಗೆದದ್ದು?"

ಪ್ರಿಂಟ್ ತಂದುಕೊಡುತ್ತೇನೆ ಎಂದೆ. ಮಾವ ಆಚೆ ತಿರುಗಿ ನಗುತ್ತಿದ್ದರು.

ಉಡುಪಿಯಲ್ಲಿ ನಾನು ವಿಚಾರಿಸಿದ ಸ್ಟುಡಿಯೋಗಳಲ್ಲಿ ಯಾರೂ ಈಗ ಫಿಲ್ಮ್ ತೊಳೆಯುವುದಿಲ್ಲ. ಹಾಗಾಗಿ ಮೊದಲೇ ರಾಸಾಯನಿಕಗಳನ್ನು ತರಿಸಿ ನಮ್ಮ ಮನೆಯ ಬಚ್ಚಲಿನಲ್ಲೇ ಏರ್ಪಾಡು ಮಾಡಿಟ್ಟಿದ್ದೆ. ಅದೇ ದಿನ ಮಧ್ಯಾಹ್ನ ಊಟ ಮುಗಿಸಿ ಮಾವನೂ ನಾನೂ ಕಿಟಕಿಗೆ ಕಂಬಳಿ ಕಟ್ಟಿದೆವು, ಬಾಗಿಲಿನ ಸಂದಿಗೆ ಟವೆಲ್ ತುರುಕಿದೆವು. ಎಕ್ಸ್‌ರೇ ಫಿಲ್ಮಿಗೆ ಕೆಂಪು ದೀಪ ನಡೆಯುತ್ತಿತ್ತು. ಇದಕ್ಕೆ ಅದೂ ಆಗದು, ಪೂರ್ತಿ ಕತ್ತಲೆಯೇ ಬೇಕು. ಕತ್ತಲೆಯಲ್ಲಿ ಫಿಲ್ಮನ್ನು ತೊಳೆಯುವ ಡಬ್ಬಿಯ ಸುರುಳಿಗೆ ಸುತ್ತಲು ಹೋದರೆ ಅದು ಜಾರಿ ಜಾರಿ ಹೊರಬರುತ್ತಿತ್ತು.

"ಕೊಡು ಇಲ್ಲಿ," ಎಂದರು ಮಾವ. ಅವರ ಬೆರಳು ನನ್ನ ಬೆರಳನ್ನು ಹುಡುಕಿಕೊಂಡು ಬಂತು. ಸುತ್ತುವ ಸಣ್ಣ ಸದ್ದು ಒಂದೇ ಸಮನೆ ಕೇಳತೊಡಗಿತು.

"ನಿಮಗೆ ಇದು ಯಾಕೆ ಇಷ್ಟ ಇಲ್ಲ ಮಾವ?"

ಸದ್ದು ನಿಲ್ಲಲಿಲ್ಲ. "ಮದುವೆಗೆ ಹೋಗಿ ರೋಲ್ ಮುಗಿಸಿ ಬಂದರೆ, ತೊಳೆದು ನೋಡುವವರೆಗೆ ಜೀವ ಕೈಯಲ್ಲಿ. ಧಾರೆ ಬಂದಿದೆಯೋ ಇಲ್ಲವೋ? ಬಾರದಿದ್ದರೆ ಮತ್ತೊಮ್ಮೆ ಧಾರೆ ಎರೀರಿ ಅಂತ ಹೇಳ್ಲಿಕ್ಕೆ ಆಗ್ತದಾ? ಒಂದು ಮದುವೆ ಊಟವೂ ನನಗೆ ಸರಿಯಾಗಿ ಇಳಿದದ್ದಿಲ್ಲ, ಮಾರಾಯ್ತಿ. ಈಗ ನೋಡು, ಧಾರೆ ಆದ ಕೂಡಲೇ ಪರದೆಯಲ್ಲಿ ನೋಡ್ತೇನೆ, ಹೋಗಿ ಪಂಕ್ತಿಯಲ್ಲಿ ಕೂತು ಪಾಯಸ ತಿಂತೇನೆ."

ನನಗೆ ನಗು ಬಂತು. ಅವರೂ ನಕ್ಕರು. ನನಗೆ ಹೊಸ ಆಟವಾದದ್ದು ಅವರಿಗೆ ಅಷ್ಟು ವರ್ಷದ ಆತಂಕವಾಗಿತ್ತು ಎಂದು ನಾನು ಯೋಚಿಸಿರಲೇ ಇಲ್ಲ.

ತೊಳೆದು ಬೆಳಕಿಗೆ ಹಿಡಿದರೆ, ಮೊದಲ ಕೆಲವು ಚಿತ್ರಗಳು ಎಲ್ಲಿಂದಲೋ ಬೆಳಕು ನುಗ್ಗಿ ಹಾಳಾಗಿದ್ದವು. ದೀಪಸ್ತಂಭ ಓರೆಯಾಗಿತ್ತು. ಬಂಗುಡೆಯ ಅಕ್ಕ ಮಾತ್ರ ಸರಿಯಾಗಿ ಮೂಡಿದ್ದರು, ನೆಗೆಟಿವ್ ಆದ್ದರಿಂದ ಕೂದಲು ಬೆಳ್ಳಗೆ, ಮುಖ ಕಪ್ಪಗೆ, ಎಲ್ಲ ತಿರುಗುಮುರುಗು. ಬಟ್ಟೆ ಒಣಗಿಸುವ ಹಗ್ಗಕ್ಕೆ ಫಿಲ್ಮ್ ತೂಗುಹಾಕಿ, ಒಣಗುವವರೆಗೂ ಮತ್ತೆ ಮತ್ತೆ ಹೋಗಿ ನೋಡಿದೆ. ಮಾವನೂ ಒಮ್ಮೆ ಹೋಗಿ ನೋಡಿದರು.

ಆದರೆ ಅದನ್ನು ಕಾಗದಕ್ಕೆ ತರಲು ಉಡುಪಿಯ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಬೇಕಾಯಿತು. ಆಕೆಯ ಎರಡೂ ಚಿತ್ರಗಳು, ಮಾವನದೂ ನನ್ನದೂ, ಒಂದೇ ಕಂಪ್ಯೂಟರಿಗೆ ಹೋಗಿ ಒಂದೇ ಯಂತ್ರದಿಂದ ಹೊರಬಂದವು. ಹಾಗಾದರೆ ನನ್ನದು ಯಾವ ಹಂತದವರೆಗೆ ಫಿಲ್ಮ್, ಎಲ್ಲಿಂದ ಡಿಜಿಟಲ್ ಎಂಬುದು ಇಂದಿಗೂ ನನಗೆ ಸರಿಯಾಗಿ ಹೇಳಲು ಬಾರದು. ಪಕ್ಕಪಕ್ಕ ಇಟ್ಟಾಗ ಗುಣಮಟ್ಟದ ಪ್ರಶ್ನೆಯೇ ಉಳಿಯಲಿಲ್ಲ. ಮಾವನದರಲ್ಲಿ ಬಂಗುಡೆಯ ಬೆನ್ನಿನ ಗೆರೆಗಳನ್ನೂ ಎಣಿಸಬಹುದಿತ್ತು. ನನ್ನದು ತುಸು ಮಸುಕು, ಮೇಲೆಲ್ಲ ಸಣ್ಣ ಮರಳಿನಂಥ ಚುಕ್ಕೆ. ಆದರೆ ಆ ಮುಖದಲ್ಲಿ ಕಾಯುವಿಕೆ ಇತ್ತು. ಅದು ಫಿಲ್ಮಿನ ಗುಣವೋ ನನ್ನ ನಿಧಾನದ ಗುಣವೋ?

ಮುಂದಿನ ಭಾನುವಾರ ಎರಡನ್ನೂ ಕಾಪುವಿಗೆ ಒಯ್ದೆವು. ಅಕ್ಕ ಕೈ ತೊಳೆದು ಒರೆಸಿಕೊಂಡು ಬಣ್ಣದ್ದನ್ನು ನೋಡಿ ಅರಳಿದರು. ನನ್ನದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಚಂದ ಉಂಟು. ಆದರೆ ಇದು ಹೂವಿನ ಮಾಲೆ ಹಾಕುವ ಫೋಟೋದ ಹಾಗೆ ಉಂಟಲ್ಲ ಮಾರಾಯ್ತಿ! ಮನೆಯಲ್ಲಿ ಇಟ್ಟರೆ ಮಗಳು ಹೆದರಿಯಾಳು. ನೀವೇ ಇಟ್ಟುಕೊಳ್ಳಿ."

ನಾವು ಮೂವರೂ ನಕ್ಕೆವು. ಬಣ್ಣದ ಚಿತ್ರ ಪ್ಲಾಸ್ಟಿಕ್ ಚೀಲದೊಳಗೆ ಸೇರಿತು.

ಬಸ್ಸಿಗೆ ಕಾಯುವಾಗ ನಾನು ಸ್ವಲ್ಪ ಪೆಚ್ಚಾಗಿದ್ದೆ. ಮಾವ ಕೇಳಿದರು, "ಇನ್ನೊಂದು ರೋಲ್ ತರಿಸ್ತಿಯಾ?"

"ಬೇಡ ಅಂತೀರಾ?"

"ತರಿಸು. ಕತ್ತಲಲ್ಲಿ ಸುತ್ತಲಿಕ್ಕೆ ನನ್ನನ್ನು ಕರಿ, ಬರ್ತೇನೆ. ಅದೊಂದು ಕೆಲಸ ಕೈಗೆ ಹಿತ ಅನ್ನಿಸಿತು. ಫೋಟೋ ಮಾತ್ರ ನಾನು ಇದರಲ್ಲೇ ತೆಗೆಯುವುದು," ಎಂದು ಹೆಗಲಿನ ಕ್ಯಾಮೆರಾ ಚೀಲವನ್ನು ತಟ್ಟಿದರು.